ಊರು ಮೊದಲು, ಹೆಸರು ಆಮೇಲೆ

ಮುತ್ತಜ್ಜನ ಹೆಸರನ್ನು ಕಂಪ್ಯೂಟರಿನಲ್ಲಿ ಒತ್ತಿ, ವಂಶದ ಸುಳಿವು ಏನಾದರೂ ಸಿಕ್ಕೀತೇ ಎಂದು ನೋಡಿದವರು ಬಹಳ ಮಂದಿ ಇದ್ದಾರೆ. ಮಗುವಿಗೆ ಶಾಲೆಯಲ್ಲಿ ವಂಶವೃಕ್ಷ ಬರೆದು ತರಲು ಹೇಳಿದಾಗಲೋ, ಅಮೆರಿಕದಲ್ಲಿರುವ ಮಗಳು ಫೋನ್ ಮಾಡಿ ‘ನಾವು ಮೂಲತಃ ಎಲ್ಲಿಯವರು’ ಎಂದು ಕೇಳಿದಾಗಲೋ ಈ ಹುಡುಕಾಟ ಶುರುವಾಗುತ್ತದೆ. ಅರ್ಧ ಗಂಟೆಯಲ್ಲಿ ಮುಗಿದೂ ಹೋಗುತ್ತದೆ, ಏಕೆಂದರೆ ಏನೂ ಸಿಗುವುದಿಲ್ಲ. ವಂಶ ಹುಡುಕುವ ದೊಡ್ಡ ದೊಡ್ಡ ತಾಣಗಳೆಲ್ಲ ಪಶ್ಚಿಮದ ಸಮಾಜವನ್ನು ನೋಡಿ ಕಟ್ಟಿದವು. ಅಲ್ಲಿ ಮನೆತನದ ಹೆಸರು ತಲೆಮಾರುಗಟ್ಟಲೆ ಬದಲಾಗದೆ ಬಂದಿದೆ, ಹುಟ್ಟು, ಮದುವೆ, ಸಾವು ಚರ್ಚಿನ ವಹಿಯಲ್ಲಿ ದಾಖಲಾಗಿವೆ. ಬ್ರಿಟನ್ನಿನಲ್ಲಿ ಜನಗಣತಿಯ ಮನೆಮನೆಯ ಹಾಳೆಗಳನ್ನು ನೂರು ವರ್ಷ ಕಳೆದ ಮೇಲೆ ಎಲ್ಲರಿಗೂ ತೆರೆದಿಡುತ್ತಾರೆ. ಮೈಸೂರು ಸಂಸ್ಥಾನದಲ್ಲೂ 1871ರಲ್ಲೇ ಜನಗಣತಿ ನಡೆದಿತ್ತು. ಆದರೆ ಇಂಥ ಮನೆಯಲ್ಲಿ ಇಂಥವರು ಇದ್ದರು ಎಂಬ ವಿವರ ನಮಗೆ ಸಿಗುವಂತಿಲ್ಲ. ಸ್ವತಂತ್ರ ಭಾರತದ 1948ರ ಜನಗಣತಿ ಕಾಯ್ದೆ ಅಂಥ ವಿವರವನ್ನು ಗೋಪ್ಯವಾಗಿಯೇ ಇಡುತ್ತದೆ. ನಾವು ಓದಬಹುದಾದದ್ದು ಊರು, ತಾಲ್ಲೂಕು, ಜಾತಿಗಳ ಒಟ್ಟು ಲೆಕ್ಕವನ್ನು ಮಾತ್ರ.

ಅಷ್ಟಕ್ಕೇ ನಮ್ಮ ಹಿರಿಯರು ಕಾಗದದಲ್ಲಿ ಇಲ್ಲವೇ ಇಲ್ಲ ಎಂದುಕೊಂಡು ಕೈಬಿಡುವುದು ಬೇಡ. ಅವರು ಇದ್ದಾರೆ, ಹೆಸರಿನ ಅಕಾರಾದಿಯಲ್ಲಿ ಇಲ್ಲ ಅಷ್ಟೆ. ಕಂದಾಯದ ಕಡತಗಳು ಗ್ರಾಮ ಮತ್ತು ಸರ್ವೆ ನಂಬರಿನ ಕ್ರಮದಲ್ಲಿವೆ. ತೀರ್ಥಕ್ಷೇತ್ರದ ಪುರೋಹಿತರ ವಹಿ ಊರಿನ ಕ್ರಮದಲ್ಲಿದೆ. ಮನೆಮನೆಯ ವಂಶಾವಳಿ ಹೇಳುವ ಹೆಳವರು ಊರೂರಿನ ಒಕ್ಕಲಿನ ಲೆಕ್ಕ ಇಟ್ಟಿದ್ದಾರೆ. ಒಂದೇ ಹೋಬಳಿಯಲ್ಲಿ ಹತ್ತು ಜನ ಸಿದ್ದಪ್ಪಂದಿರು, ಇಪ್ಪತ್ತು ಜನ ತಿಮ್ಮಯ್ಯಂದಿರು ಇರುವ ನಾಡಿನಲ್ಲಿ ಹೆಸರೊಂದನ್ನೇ ಹಿಡಿದು ಹೊರಟರೆ ದಾರಿ ತಪ್ಪುತ್ತದೆ. ಊರು ಗೊತ್ತಾದರೆ ಹೆಸರು ತಾನಾಗಿ ಸಿಗುತ್ತದೆ. ನಾನು ಕೆಲವು ಮನೆತನಗಳ ಹುಡುಕಾಟದಲ್ಲಿ ಜೊತೆಯಾಗಿ ನಿಂತು ಕಂಡುಕೊಂಡದ್ದು ಇದನ್ನೇ.

ಊರೇ ಮರೆತುಹೋಗಿದ್ದರೆ? ಆಗ ಮನೆದೇವರನ್ನು ಕೇಳಬೇಕು. ನಮ್ಮ ಜನ ಬರಕ್ಕೋ ಜಗಳಕ್ಕೋ ಊರು ಬಿಟ್ಟಿದ್ದಾರೆ, ಮನೆದೇವರನ್ನು ಮಾತ್ರ ಬಿಟ್ಟಿದ್ದು ಕಡಿಮೆ. ತುಮಕೂರು ಸೀಮೆಯಲ್ಲಿ ನೆಲೆಸಿದವರು ಮಗುವಿನ ಜವಳ ತೆಗೆಸಲು ಮೂರು ಜಿಲ್ಲೆ ದಾಟಿ ಒಂದು ಸಣ್ಣ ಗುಡಿಗೆ ಹೋಗುತ್ತಾರೆಂದರೆ, ಅವರ ಹಿರಿಯರು ಆ ಗುಡಿಯ ಸುತ್ತಮುತ್ತ ಎಲ್ಲೋ ಬದುಕಿದ್ದರು ಎಂದು ಹೇಳಬಹುದು. ಮೈಲಾರಲಿಂಗ, ಸವದತ್ತಿ ಎಲ್ಲಮ್ಮ, ಮಲೆ ಮಹದೇಶ್ವರರಂಥ ದೊಡ್ಡ ದೇವರಿಗೆ ನಾಡೆಲ್ಲ ಒಕ್ಕಲು, ಅವರಿಂದ ಊರಿನ ಸುಳಿವು ಸಿಗುವುದು ಕಷ್ಟ. ಸಣ್ಣ ದೇವರೇ ಇದಕ್ಕೆ ಒಳ್ಳೆಯ ಸಾಕ್ಷಿ. ಜೊತೆಗೆ ಬೆಡಗು, ಬಳಿ, ಗೋತ್ರ, ಕೊಡಗಿನಲ್ಲಾದರೆ ಮನೆಪೆದ, ಹೀಗೆ ಮನೆಯಲ್ಲಿ ಯಾವುದು ಚಾಲ್ತಿಯಲ್ಲಿದೆಯೋ ಅದನ್ನು ಬರೆದುಕೊಳ್ಳಿ. ಟ್ರಂಕಿನ ತಳದಲ್ಲಿರುವ ಜಾತಕ, ಲಗ್ನಪತ್ರಿಕೆ, ಕಂದಾಯದ ರಸೀದಿ ಯಾವುದನ್ನೂ ಎಸೆಯಬೇಡಿ. ಮನೆಯ ಹಿರಿಯರೊಡನೆ ಮಾತಾಡುವಾಗ ‘ಅಜ್ಜನ ಅಪ್ಪನ ಹೆಸರೇನು’ ಎಂಬ ಒಂದು ಪ್ರಶ್ನೆಗೆ ನಿಲ್ಲದೆ, ಹೊಲಕ್ಕೆ ಏನೆಂದು ಕರೆಯುತ್ತಿದ್ದರು, ಪಕ್ಕದ ಹೊಲ ಯಾರದಾಗಿತ್ತು, ಅಜ್ಜಿಯ ತವರು ಯಾವುದು ಎಂದೆಲ್ಲ ಕೇಳಬೇಕು. ದಾಖಲೆಗಳ ಕೋಣೆಯಲ್ಲಿ ಕೊನೆಗೆ ಕೈಹಿಡಿಯುವುದು ಹೊಲದ ಹೆಸರೂ ಚಕ್ಕುಬಂದಿಯೂ.

ಊರು ತಿಳಿದ ಮೇಲೆ ಕೇಳಬೇಕಾದ ಇನ್ನೊಂದು ಪ್ರಶ್ನೆಯನ್ನು ಬಹಳ ಜನ ಕೇಳುವುದೇ ಇಲ್ಲ. ಆ ಊರು ನೂರು ವರ್ಷದ ಹಿಂದೆ ಯಾವ ಸರ್ಕಾರಕ್ಕೆ ಸೇರಿತ್ತು? ಇಂದಿನ ಕರ್ನಾಟಕ 1956ರ ನವೆಂಬರ್ 1ಕ್ಕೆ ಒಂದಾಯಿತು. ಅದಕ್ಕೆ ಮೊದಲು ನಾವು ಮೈಸೂರು ಸಂಸ್ಥಾನ, ಮುಂಬಯಿ ಪ್ರಾಂತ, ಮದರಾಸು ಪ್ರಾಂತ, ಹೈದರಾಬಾದ್ ಸಂಸ್ಥಾನ, ಕೊಡಗು ಎಂದು ಹರಿದು ಹಂಚಿಹೋಗಿದ್ದೆವು. ಜೊತೆಗೆ ಜಮಖಂಡಿ, ಮುಧೋಳ, ರಾಮದುರ್ಗ, ಸವಣೂರು, ಸಂಡೂರಿನಂಥ ಸಣ್ಣ ಸಂಸ್ಥಾನಗಳಿದ್ದವು. ಕಾಗದಗಳೂ ಹಾಗೇ ಹಂಚಿಹೋಗಿವೆ. ಉತ್ತರ ಕನ್ನಡವನ್ನೇ ನೋಡಿ. ಟಿಪ್ಪುವಿನ ಪತನದ ನಂತರ ಇಡೀ ಕೆನರಾ ಮದರಾಸಿಗೆ ಸೇರಿತ್ತು. 1862ರಲ್ಲಿ ಉತ್ತರದ ಭಾಗವನ್ನು ಬೇರ್ಪಡಿಸಿ ಮುಂಬಯಿಗೆ ಕೊಟ್ಟರು. ಹಾಗಾಗಿ ಹೊನ್ನಾವರದ ಒಂದು ಮನೆತನ ಸರ್ಕಾರದ ಮೇಲ್ಮಟ್ಟದ ಪತ್ರವ್ಯವಹಾರದಲ್ಲಿ ಕಾಣಿಸಿಕೊಂಡಿದ್ದರೆ, 1862ಕ್ಕೆ ಹಿಂದಿನದನ್ನು ಚೆನ್ನೈನಲ್ಲಿ, ನಂತರದ್ದನ್ನು ಮುಂಬಯಿಯಲ್ಲಿ, 1956ರಿಂದೀಚಿನದನ್ನು ಬೆಂಗಳೂರಿನಲ್ಲಿ ಹುಡುಕಬೇಕು. ಮನೆ ಮಾತ್ರ ಇದ್ದಲ್ಲಿಯೇ ಇದೆ.

ಮದರಾಸಿನ ದಾಖಲೆಗಳು ಎಗ್ಮೋರಿನ ತಮಿಳುನಾಡು ಪತ್ರಾಗಾರದಲ್ಲಿವೆ. ದಕ್ಷಿಣ ಕನ್ನಡ, ಬಳ್ಳಾರಿ ಮತ್ತು ಆಗ ಕೊಯಮತ್ತೂರು ಜಿಲ್ಲೆಯಲ್ಲಿದ್ದ ಕೊಳ್ಳೇಗಾಲದವರು ಅಲ್ಲಿಗೆ ಹೋಗಬೇಕು. ಧಾರವಾಡ, ಬೆಳಗಾವಿ, ವಿಜಯಪುರದವರಿಗೆ ಮುಂಬಯಿಯ ಮಹಾರಾಷ್ಟ್ರ ಪತ್ರಾಗಾರ. ಪೇಶ್ವೆಗಳ ಕಾಲಕ್ಕೆ, ಅಂದರೆ 1818ಕ್ಕೂ ಹಿಂದಕ್ಕೆ ಹೋಗುವ ದೇಸಾಯಿ, ದೇಶಪಾಂಡೆ, ಕುಲಕರ್ಣಿ ವತನದವರಿಗೆ ಪುಣೆಯ ಪೇಶ್ವೆ ದಫ್ತರ. ಅಲ್ಲಿನ ಕಾಗದಗಳು ಮೋಡಿ ಲಿಪಿಯಲ್ಲಿವೆ, ಆ ಲಿಪಿ ಬಲ್ಲವರ ನೆರವಿಲ್ಲದೆ ಒಂದು ಸಾಲೂ ಮುಂದೆ ಹೋಗುವುದಿಲ್ಲ. ಬೀದರ, ಕಲಬುರಗಿ, ರಾಯಚೂರಿನವರಿಗೆ ಹೈದರಾಬಾದಿನ ಪತ್ರಾಗಾರವಿದೆ. ನಿಜಾಮನ ಆಡಳಿತದ ಭಾಷೆ ಉರ್ದು, ಅದಕ್ಕೂ ಹಿಂದೆ ಪಾರಸಿ. ಕಾಸರಗೋಡಿನ ಕನ್ನಡಿಗರದು ಇದಕ್ಕೆ ತಿರುವುಮುರುವು. 1956ರವರೆಗೆ ಅವರ ಊರು ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು, ಆಮೇಲಿನ ಕಾಗದವೆಲ್ಲ ಕೇರಳದ್ದು. ಮೈಸೂರು ಸಂಸ್ಥಾನದವರ ಭಾಗ್ಯ ದೊಡ್ಡದು. ಅವರಿಗೆ ಬೇಕಾದ್ದರಲ್ಲಿ ಹೆಚ್ಚಿನದು ಬೆಂಗಳೂರಿನ ಕರ್ನಾಟಕ ರಾಜ್ಯ ಪತ್ರಾಗಾರ ಮತ್ತು ಮೈಸೂರಿನ ಅದರ ವಿಭಾಗೀಯ ಕಚೇರಿಯಲ್ಲಿದೆ. 1831ರಿಂದ 1881ರವರೆಗೆ ಬ್ರಿಟಿಷ್ ಕಮಿಷನರುಗಳು ಆಳಿದ ಕಾಲದ ಕಡತ ಇಂಗ್ಲಿಷಿನಲ್ಲಿದೆ.

ಇಷ್ಟು ಹೇಳಿದ ಮೇಲೂ ನಾನು ಯಾರನ್ನೂ ಮೊದಲು ಪತ್ರಾಗಾರಕ್ಕೆ ಕಳಿಸುವುದಿಲ್ಲ. ಪತ್ರಾಗಾರದಲ್ಲಿ ಇರುವುದು ಸರ್ಕಾರದ ಮಾತು. ಪಟೇಲ, ಶಾನುಭೋಗ, ಇನಾಮ್ದಾರ, ನೌಕರ, ಅರ್ಜಿದಾರ ಅಲ್ಲಿ ಸಿಗುತ್ತಾರೆ. ಹೊಲ ಉತ್ತು ಬದುಕಿದ ಸಾಮಾನ್ಯ ಮನುಷ್ಯ ಸಿಗುವುದು ತಾಲ್ಲೂಕು ಕಚೇರಿಯ ದಾಖಲೆ ಕೋಣೆಯಲ್ಲಿ. ಕೆಂಪು ರುಮಾಲಿನಲ್ಲಿ ಕಟ್ಟಿಟ್ಟ ಆ ಗಂಟುಗಳೇ ಈ ನಾಡಿನ ರೈತರ ವಂಶಚರಿತ್ರೆ. ಈಗಿನ ಪಹಣಿಯನ್ನು ಭೂಮಿ ತಾಣದಲ್ಲಿ ಮನೆಯಿಂದಲೇ ನೋಡಬಹುದು. ದಿಶಾಂಕ್ ಆ್ಯಪಿನಲ್ಲಿ ನಿಂತ ಜಾಗದ ಸರ್ವೆ ನಂಬರು ತೋರುತ್ತದೆ. ಕಂದಾಯ ಇಲಾಖೆಯ ತಾಣದಿಂದ ಗ್ರಾಮನಕ್ಷೆಯನ್ನೂ ಇಳಿಸಿಕೊಳ್ಳಬಹುದು. ಅಲ್ಲಿ ಸಿಕ್ಕ ಸರ್ವೆ ನಂಬರನ್ನು ಹಿಡಿದು ಹಿಂದಕ್ಕೆ ನಡೆಯಬೇಕು. ಇವತ್ತಿನ ಪಹಣಿಯಲ್ಲಿ ಮ್ಯುಟೇಶನ್ ನಂಬರು ಇರುತ್ತದೆ, ಆ ಮ್ಯುಟೇಶನ್ ಹಿಂದಿನ ಖಾತೆದಾರನನ್ನು ಹೇಳುತ್ತದೆ, ಅಲ್ಲಿಂದ ಕೈಬರಹದ ಪಹಣಿ, ಹಕ್ಕುದಾಖಲೆಯ ವಹಿ, ಕೊನೆಗೆ ಮೂಲ ಸರ್ವೆಯ ಪುಸ್ತಕ. ಮುಂಬಯಿ ಕರ್ನಾಟಕದಲ್ಲಿ ಸರ್ವೆ 1840ರ ದಶಕದಲ್ಲಿ ನಡೆದಿದೆ, ಮೈಸೂರಿನಲ್ಲಿ 1863ರಿಂದ. ಜಮೀನು ಒಡೆದು ಸರ್ವೆ ನಂಬರಿಗೆ ಹಿಸ್ಸಾ ಬಿದ್ದಿದ್ದರೆ ಹೆದರಬೇಕಾಗಿಲ್ಲ. ಒಂದೊಂದು ಹಿಸ್ಸೆಯೂ ಅಣ್ಣತಮ್ಮಂದಿರು ಪಾಲಾದ ಕತೆಯನ್ನು ಹೇಳುತ್ತಿರುತ್ತದೆ.

ಇವುಗಳಲ್ಲಿ ನನಗೆ ಅತಿ ಪ್ರಿಯವಾದ ಕಾಗದವೆಂದರೆ ಪೌತಿ ಖಾತೆಯ ನಮೂದು. ಖಾತೆದಾರ ತೀರಿಕೊಂಡಾಗ ವಾರಸುದಾರರ ಹೆಸರಿಗೆ ಖಾತೆ ಬದಲಾಯಿಸುವ ಆ ನಾಲ್ಕು ಸಾಲುಗಳಲ್ಲಿ ಒಂದು ಸಂಸಾರವೇ ಇರುತ್ತದೆ. 1930ರ ದಶಕದ ಅಂಥ ಒಂದು ಪುಟವನ್ನು ನಾನು ಬಹಳ ಹೊತ್ತು ನೋಡುತ್ತ ಕುಳಿತಿದ್ದೆ. ಹಾಳೆಯ ಅಂಚು ಪುಡಿಯಾಗಿತ್ತು, ಶಾನುಭೋಗರ ಮೋಡಿ ಹತ್ತಿದ ಕನ್ನಡ ಅಕ್ಷರ ಎಡದಿಂದ ಬಲಕ್ಕೆ ಇಳಿಜಾರಾಗಿ ಹರಿದಿತ್ತು. ಖಾತೆದಾರ ಪೌತಿ, ಇಬ್ಬರು ಗಂಡುಮಕ್ಕಳು ಮೈನರು, ಒಬ್ಬನಿಗೆ ಏಳು ವರ್ಷ, ಇನ್ನೊಬ್ಬನಿಗೆ ನಾಲ್ಕು, ಗಾರ್ಡಿಯನ್ ತಾಯಿ. ಅದರ ಕೆಳಗೆ ಆಕೆಯ ಹೆಸರು, ಪಕ್ಕದಲ್ಲಿ ಎಡಗೈ ಹೆಬ್ಬೆಟ್ಟಿನ ಗುರುತು. ಸಾಕ್ಷಿಗೆ ಸಹಿ ಹಾಕಿದವರಲ್ಲಿ ಒಬ್ಬನ ಊರು ಬೇರೆ. ಬಂದವನು ಆಕೆಯ ತವರಿನವನಿರಬೇಕು ಎಂದು ಊಹಿಸಿ ಆ ಊರಿಗೆ ಹೋಗಿ ಕೇಳಿದಾಗ ಊಹೆ ನಿಜವಾಯಿತು. ಮನೆಯವರ ನೆನಪಿನಲ್ಲಿ ‘ದೊಡ್ಡಜ್ಜಿ’ ಎಂದಷ್ಟೇ ಉಳಿದಿದ್ದ ಹೆಂಗಸಿಗೆ ಅವತ್ತು ಒಂದು ಹೆಸರು, ಒಂದು ತವರು, ಎರಡು ಮಕ್ಕಳನ್ನು ಇಟ್ಟುಕೊಂಡು ಹೊಲ ಉಳಿಸಿಕೊಂಡ ಒಂದು ಕಾಲ ಮರಳಿ ಸಿಕ್ಕಿತು. ಹಳೆ ಮೈಸೂರಿನ ಕಾಗದದಲ್ಲಿ ಹೆಸರಿನ ಮುಂದೆ ‘ಬಿನ್’ ಎಂದಿದ್ದರೆ ಮುಂದಿನದು ತಂದೆಯ ಹೆಸರು, ‘ಕೋಂ’ ಎಂದಿದ್ದರೆ ಗಂಡನ ಹೆಸರು. ಇಷ್ಟನ್ನು ತಿಳಿದುಕೊಂಡು ಹೋದರೆ ಓದು ಎಷ್ಟೋ ಹಗುರ.

ಆದರೆ ಹೊಲವೇ ಇಲ್ಲದವರ ಮಾತೇನು? ಈ ಪ್ರಶ್ನೆಯನ್ನು ತಳ್ಳಿಹಾಕುವ ವಂಶಚರಿತ್ರೆ ಉಳ್ಳವರ ಚರಿತ್ರೆ ಮಾತ್ರ ಆಗುತ್ತದೆ. ಎರಡು ಕಡೆ ಹುಡುಕಿ ಎಂದು ನಾನು ಹೇಳುತ್ತೇನೆ. ಒಂದು, ಭೂಸುಧಾರಣೆಯ ಕಡತ. 1974ರ ಮಾರ್ಚ್ 1ಕ್ಕೆ ಗೇಣಿ ಜಮೀನುಗಳೆಲ್ಲ ಸರ್ಕಾರದ ವಶಕ್ಕೆ ಬಂದವು, ಉಳುತ್ತಿದ್ದವರು ನಮೂನೆ 7ರಲ್ಲಿ ಅರ್ಜಿ ಕೊಟ್ಟು ಭೂನ್ಯಾಯಮಂಡಳಿಯ ಮುಂದೆ ಬಂದರು. ಅಲ್ಲಿ ಗೇಣಿದಾರ ತಾನು ಯಾವಾಗಿನಿಂದ ಉಳುತ್ತಿದ್ದೇನೆ, ತನ್ನ ತಂದೆ ಯಾರ ಕಾಲದಲ್ಲಿ ಉಳುತ್ತಿದ್ದ ಎಂದು ಹೇಳಿಕೆ ಕೊಡಬೇಕಾಗಿತ್ತು. ಅಲ್ಲಿಯವರೆಗೆ ಯಾವ ಕಾಗದದಲ್ಲೂ ಬಾಯಿಬಿಟ್ಟಿರದ ಮನೆತನಗಳು ಮೊದಲ ಸಲ ಮಾತಾಡಿದ್ದು ಆ ಹೇಳಿಕೆಗಳಲ್ಲಿ. ನಮೂನೆ 7ರ ಅರ್ಜಿಯನ್ನು ಕೇವಲ ಜಮೀನಿನ ಕಾಗದವೆಂದು ನೋಡಬೇಡಿ. ಕರಾವಳಿ, ಮಲೆನಾಡಿನ ಒಕ್ಕಲು ಕುಟುಂಬಗಳಿಗೆ ಅದಕ್ಕಿಂತ ಹಳೆಯ ಆತ್ಮಕಥನ ಸಿಗುವುದು ಅಪರೂಪ.

ಇನ್ನೊಂದು, ಗ್ರಾಮ ಸೇವೆಯ ಉಂಬಳಿ. ತೋಟಿ, ತಳವಾರ, ನೀರಗಂಟಿ ಕೆಲಸಕ್ಕೆ ಬಿಟ್ಟಿದ್ದ ಜಮೀನುಗಳು 1961ರ ಗ್ರಾಮಾಧಿಕಾರಿಗಳ ಹುದ್ದೆ ರದ್ದತಿ ಕಾಯ್ದೆಯ ನಂತರ ಅದೇ ಮನೆತನಗಳಿಗೆ ಮರುಮಂಜೂರಾಗಬೇಕಾಗಿತ್ತು. ಮರುಮಂಜೂರಾತಿಗೆ ವಂಶವೃಕ್ಷ ಕೊಡಬೇಕು. ಹಾಗಾಗಿ ಎಷ್ಟೋ ದಲಿತ ಕುಟುಂಬಗಳ ಮೂರು ನಾಲ್ಕು ತಲೆಮಾರು ತಹಶೀಲ್ದಾರರ ಕಚೇರಿಯ ಆ ಕಡತಗಳಲ್ಲಿ ದಾಖಲಾಗಿವೆ. ಹಳೆಯ ಕಾಗದಗಳಲ್ಲಿ ಅವರ ಜಾತಿಯನ್ನೂ ಹೆಸರನ್ನೂ ಬರೆದಿರುವ ರೀತಿ ಕೆಲವು ಸಲ ಎದೆಗೆ ಚುಚ್ಚುತ್ತದೆ. ಮೇಲ್ಜಾತಿಯವನಿಗೆ ‘ಅಪ್ಪ’, ‘ಅಯ್ಯ’ ಸೇರಿಸಿದ ಲೇಖನಿಯೇ ಪಕ್ಕದ ಸಾಲಿನಲ್ಲಿ ಇನ್ನೊಬ್ಬನ ಹೆಸರನ್ನು ಅರ್ಧಕ್ಕೆ ಕತ್ತರಿಸಿರುತ್ತದೆ. ಅದನ್ನು ಓದಲು ಮನೆಯ ಹಿರಿಯರನ್ನು ಕೂರಿಸುವ ಮುಂಚೆ ಒಮ್ಮೆ ಯೋಚಿಸಬೇಕು.

ಮುಳುಗಡೆಯಾದ ಊರಿನವರಿಗೂ ಒಂದು ದಾರಿ ಇದೆ. ಕನ್ನಂಬಾಡಿ, ತುಂಗಭದ್ರಾ, ಲಿಂಗನಮಕ್ಕಿ, ಸೂಪಾ, ಆಲಮಟ್ಟಿ ಹೀಗೆ ಒಂದೊಂದು ಅಣೆಕಟ್ಟಿನ ಹಿಂದೆಯೂ ಊರುಗಳು ನೀರಿಗೆ ಹೋಗಿವೆ. ಊರು ಹೋದರೂ ಭೂಸ್ವಾಧೀನದ ತೀರ್ಪಿನ ಪಟ್ಟಿಗಳಲ್ಲಿ ಯಾರ ಮನೆ, ಎಷ್ಟು ಅಂಕಣ, ಎಷ್ಟು ಮರ, ಯಾರಿಗೆ ಎಷ್ಟು ಪರಿಹಾರ ಎಂಬ ವಿವರ ಉಳಿದಿರುತ್ತದೆ. ಅವನ್ನು ಜಿಲ್ಲಾಧಿಕಾರಿ ಕಚೇರಿಯ ಭೂಸ್ವಾಧೀನ ಶಾಖೆಯಲ್ಲಿ ಕೇಳಬೇಕು.

ಹೆಸರಿನ ಸೂಚಿ ಇಟ್ಟಿರುವ ಸರ್ಕಾರಿ ಕಚೇರಿ ಒಂದೇ ಒಂದು ಎನ್ನಬಹುದು, ಅದು ಉಪನೋಂದಣಾಧಿಕಾರಿಯ ಕಚೇರಿ. 1908ರ ನೋಂದಣಿ ಕಾಯ್ದೆಯ ಪ್ರಕಾರ ಅಲ್ಲಿ ಒಂದು ಸೂಚಿ ಪತ್ರ ಬರೆದವರ, ಬರೆಸಿಕೊಂಡವರ ಹೆಸರಿನದು, ಇನ್ನೊಂದು ಆಸ್ತಿಯದು. ಶುಲ್ಕ ಕಟ್ಟಿ ಹೆಸರಿನ ಸೂಚಿಯನ್ನು ನೋಡುವ ಹಕ್ಕು ಯಾರಿಗೂ ಇದೆ. ನೋಂದಣಿ ಇಲಾಖೆಯ ಕಾವೇರಿ ತಾಣದಲ್ಲಿ ಸಿಗುವುದು ಹೆಚ್ಚಾಗಿ 2004ರಿಂದೀಚಿನದು, ಅದಕ್ಕೆ ಹಿಂದಿನದಕ್ಕೆ ಕಚೇರಿಗೇ ಹೋಗಬೇಕು. ಅಲ್ಲಿ ಕ್ರಯಪತ್ರಕ್ಕಿಂತ ವಿಭಾಗಪತ್ರಕ್ಕೆ ಕೈಹಾಕಿ. ಅಣ್ಣತಮ್ಮಂದಿರು ಪಾಲಾಗುವಾಗ ಎಲ್ಲರ ಹೆಸರು, ವಯಸ್ಸು, ಸಂಬಂಧ ಒಂದೇ ಕಡೆ ಬರುತ್ತದೆ, ಕೆಲವೊಮ್ಮೆ ಅಡುಗೆಮನೆಯ ಕೊಪ್ಪರಿಗೆಯವರೆಗೂ ಪಟ್ಟಿ ಹೋಗುತ್ತದೆ. ಪಾಲು ಕೋರ್ಟಿಗೆ ಹೋಗಿದ್ದರೆ ಇನ್ನೂ ಒಳ್ಳೆಯದು. ವಿಭಾಗ ದಾವೆಯ ವಾದಪತ್ರದೊಂದಿಗೆ ವಂಶವೃಕ್ಷ ಸಲ್ಲಿಸುವುದು ರೂಢಿ. ಮೇಲ್ಮನವಿ ಹೈಕೋರ್ಟಿಗೆ ಹೋಗಿದ್ದರೆ ತೀರ್ಪನ್ನು ಇಂಡಿಯನ್ ಕಾನೂನ್ ತಾಣದಲ್ಲಿ ಉಚಿತವಾಗಿ ಓದಬಹುದು. ಊರಿನ ಹೆಸರು ಹಾಕಿ ಹುಡುಕಿದರೆ ಆ ಊರಿನ ಎಷ್ಟೋ ಮನೆತನಗಳ ಜಗಳ, ಜಗಳದ ಜೊತೆ ಅವರ ವಂಶಾವಳಿ ಸಿಗುತ್ತದೆ.

ತುಳುನಾಡಿನ ವಿಭಾಗಪತ್ರಗಳು ಬೇರೆಯದೇ ಲೋಕ. ಬೇರೆ ಕಡೆ ಹೆಂಗಸರ ಹೆಸರಿಗಾಗಿ ನಾವು ಪರದಾಡುತ್ತೇವೆ, ಅಳಿಯಸಂತಾನದ ಮನೆಗಳಲ್ಲಿ ವಂಶ ನಡೆಯುವುದೇ ತಾಯಿಯ ಕಡೆಯಿಂದ, ಬಳಿ ಬರುವುದೂ ತಾಯಿಯಿಂದಲೇ. 1949ರ ಮದರಾಸು ಅಳಿಯಸಂತಾನ ಕಾಯ್ದೆಯ ನಂತರ ದೊಡ್ಡ ಕುಟುಂಬಗಳು ಕವರು ಕವರಾಗಿ, ಅಂದರೆ ತಾಯಿಯ ಕವಲುಗಳಾಗಿ, ಪಾಲಾದವು. ಆ ಪತ್ರಗಳಲ್ಲಿ ಮೂಲ ಹೆಂಗಸು, ಅವಳ ಹೆಣ್ಣುಮಕ್ಕಳು, ಅವರ ಸಂತಾನ, ಕೈಗೂಸಿನವರೆಗೂ ಎಲ್ಲರ ಹೆಸರಿದೆ. ಅಂಥ ಒಂದು ಪತ್ರ ಸಿಕ್ಕರೆ ನೂರು ವರ್ಷದ ಮನೆತನ ಒಂದೇ ಸಲ ಎದುರಿಗೆ ಬಂದು ನಿಲ್ಲುತ್ತದೆ. ಉಳಿದವರು ನೆನಪಿಡಬೇಕಾದ ಮಾತು: ತಂದೆಯ ಸಾಲನ್ನಷ್ಟೇ ಬರೆದು ಅದಕ್ಕೆ ವಂಶವೆಂದು ಹೆಸರಿಟ್ಟರೆ ಅರ್ಧ ಜನರನ್ನು ಹೊರಗಿಟ್ಟಂತೆ. ಅಜ್ಜಿಯ ತವರಿನ ಪಹಣಿಯನ್ನೂ ತೆಗೆಸಿ.

ಕಾಗದ ಮುಗಿದಲ್ಲಿ ಹೆಳವರು ಬರುತ್ತಾರೆ. ಎತ್ತಿನ ಮೇಲೆ ಗಂಟೆ ಬಾರಿಸುತ್ತ ಬಂದು ಅಂಗಳದಲ್ಲಿ ನಿಂತು, ಮನೆಯ ಮೂಲಪುರುಷನಿಂದ ಹಿಡಿದು ಹೆಸರುಗಳನ್ನು ಒಂದೇ ಉಸಿರಿಗೆ ಹೇಳುವ ಅವರನ್ನು ಹಳ್ಳಿಯಲ್ಲಿ ಬೆಳೆದವರು ಕಂಡಿರುತ್ತಾರೆ. ಒಂದೊಂದು ಹೆಳವರ ಮನೆಗೆ ಇಂತಿಂಥ ಊರಿನ ಇಂತಿಂಥ ಒಕ್ಕಲು ಎಂದು ಹಂಚಿಕೆಯಿದೆ. ಕೆಲವು ವರ್ಷಕ್ಕೊಮ್ಮೆ ಬಂದು, ಹಿಂದಿನ ಸಲದ ನಂತರ ಹುಟ್ಟಿದವರನ್ನು ಸೇರಿಸಿಕೊಂಡು, ಕಾಳುಕಡ್ಡಿ, ಬಟ್ಟೆ, ಕೆಲವೊಮ್ಮೆ ಕರುವನ್ನು ಪಡೆದು ಹೋಗುತ್ತಾರೆ. ಅವರಿಗೆ ಗೊತ್ತಿರುವುದು ಹೆಸರಷ್ಟೇ ಅಲ್ಲ, ನಿಮ್ಮ ಹಿರಿಯರು ಯಾವ ಊರಿನಿಂದ ಯಾಕೆ ಬಂದರು ಎಂಬ ಕತೆಯೂ ಗೊತ್ತು. ಈಗ ಅವರು ಎತ್ತಿನ ಬದಲು ಬಸ್ಸಿನಲ್ಲಿ ಬಂದಾರು, ಹೊತ್ತಿಗೆಯ ಬದಲು ನೋಟ್‌ಬುಕ್ ಹಿಡಿದಿದ್ದಾರು. ಊರಲ್ಲಿ ಉಳಿದಿರುವ ನಿಮ್ಮ ದಾಯಾದಿಗಳಿಗೆ ಹೇಳಿಟ್ಟು, ಅವರು ಬಂದ ದಿನ ಫೋನ್ ಮಾಡಲು ಕೇಳಿಕೊಳ್ಳಿ. ಅವರ ಅನುಮತಿ ಪಡೆದು ಧ್ವನಿಮುದ್ರಣ ಮಾಡಿ, ಕೊಡಬೇಕಾದ ಕಾಣಿಕೆಯನ್ನು ಧಾರಾಳವಾಗಿ ಕೊಡಿ. ಅದು ಅವರ ಕಸುಬು, ಅದನ್ನು ಬಿಟ್ಟಿಯಾಗಿ ಪಡೆಯಬಾರದು.

ಹೀಗೆಯೇ ತ್ರ್ಯಂಬಕೇಶ್ವರ, ಗೋಕರ್ಣ, ಕಾಶಿ, ಗಯೆಗಳ ಪುರೋಹಿತರ ಮನೆಯ ವಹಿಗಳು. ಹಿರಿಯರು ಶ್ರಾದ್ಧಕ್ಕೆ ಹೋದಾಗ ತಮ್ಮ ಕೈಯಿಂದಲೇ ಬರೆದ ಸಾಲು ಅಲ್ಲಿರಬಹುದು. ಅಲ್ಲಿ ಹೋದವನು ಮೊದಲು ಹೇಳಬೇಕಾದ್ದು ಮೂಲ ಊರಿನ ಹೆಸರನ್ನು. ಬೆಂಗಳೂರು ಎಂದರೆ ಯಾವ ವಹಿಯೂ ತೆರೆಯುವುದಿಲ್ಲ. ಹರಿದ್ವಾರದ ಪಂಡಾಗಳ ವಹಿಗಳ ಚಿತ್ರಗಳು ಫ್ಯಾಮಿಲಿಸರ್ಚ್ ಎಂಬ ಉಚಿತ ತಾಣದಲ್ಲಿವೆ. ಅವುಗಳಿಂದ ಕನ್ನಡದವರಿಗಿಂತ ಉತ್ತರದವರಿಗೆ ಪ್ರಯೋಜನ ಹೆಚ್ಚು.

ಕ್ರೈಸ್ತ ಕುಟುಂಬಗಳಿಗೆ ದಾಖಲೆಯ ಸ್ವರೂಪ ಬೇರೆ. ಇಗರ್ಜಿಯ ದೀಕ್ಷಾಸ್ನಾನದ ವಹಿಯಲ್ಲಿ ತಂದೆ, ತಾಯಿ, ಜ್ಞಾನಪೋಷಕರು ಎಲ್ಲರ ಹೆಸರಿರುತ್ತದೆ. 1784ರಲ್ಲಿ ಟಿಪ್ಪು ಕರಾವಳಿಯ ಕಥೋಲಿಕರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದಾಗ ಇಗರ್ಜಿಗಳು ನೆಲಕ್ಕುರುಳಿದವು. ಹಾಗಾಗಿ ಮಂಗಳೂರು ಸೀಮೆಯಲ್ಲಿ ಟಿಪ್ಪು ಮಡಿದ 1799ಕ್ಕೂ ಹಿಂದಿನ ವಹಿ ಸಿಗುವುದು ಕಷ್ಟ. ಇನ್ನೂ ಹಿಂದಿನ ಬೇರಿಗೆ ಪಣಜಿಗೆ ಹೋಗಬೇಕು. 1595ರಲ್ಲಿ ಶುರುವಾದ ಗೋವಾದ ಪತ್ರಾಗಾರದಲ್ಲಿ ಪೋರ್ಚುಗೀಸ್ ಭಾಷೆಯ ದಾಖಲೆಗಳಿವೆ. ಗೋವಾದಿಂದ ಇಳಿದು ಬಂದ ಗೌಡ ಸಾರಸ್ವತರಿಗೂ ಅವು ಉಪಯೋಗಕ್ಕೆ ಬರುತ್ತವೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಕಾಗದಪತ್ರಗಳು ಸ್ವಿಟ್ಜರ್ಲೆಂಡಿನ ಬಾಸೆಲ್ಲಿನಲ್ಲೂ ಮಂಗಳೂರು ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನಲ್ಲೂ ಇವೆ. ಬಾಸೆಲ್ಲಿನವರು ಹಳೆಯ ಚಿತ್ರಗಳನ್ನು ಅಂತರ್ಜಾಲದಲ್ಲಿ ತೆರೆದಿಟ್ಟಿದ್ದಾರೆ. ಹಂಚಿನ ಕಾರ್ಖಾನೆ, ಶಾಲೆ, ಸಭೆಗಳ ಚಿತ್ರಗಳಲ್ಲಿ ಮುತ್ತಜ್ಜನ ಮುಖವೇ ಇದ್ದರೂ ಇರಬಹುದು. ಬೆಂಗಳೂರು ದಂಡು, ಕೋಲಾರ ಚಿನ್ನದ ಗಣಿಯ ಆಂಗ್ಲೋ ಇಂಡಿಯನ್ ಕುಟುಂಬಗಳಿಗೆ ಲಂಡನ್ನಿನ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳು. ಬೆಂಗಳೂರಿನ ಚರ್ಚುಗಳ ಹಳೆಯ ವರದಿಗಳು ಮದರಾಸಿನ ಲೆಕ್ಕದಲ್ಲಿ ಸೇರಿವೆ. ಫಿಬಿಸ್ ಎಂಬ ಸಂಘದ ಉಚಿತ ಸೂಚಿಯಿಂದ ಶುರುಮಾಡುವುದು ಸುಲಭ. ಎರಡು ಮಹಾಯುದ್ಧಗಳಲ್ಲಿ ಮಡಿದ ಸೈನಿಕರಿದ್ದರೆ ಕಾಮನ್‌ವೆಲ್ತ್ ಯುದ್ಧಸಮಾಧಿ ಆಯೋಗದ ತಾಣದಲ್ಲಿ ಹೆಸರು ಹುಡುಕಬಹುದು. ಕೆಲವು ನಮೂದುಗಳಲ್ಲಿ ತಂದೆಯ ಹೆಸರು, ಊರು ಕೂಡ ಇರುತ್ತದೆ.

ಗ್ರಂಥಾಲಯಗಳಲ್ಲಿ ಸಿಗುವುದು ನಿಮ್ಮ ಮನೆಯವರ ಹೆಸರಲ್ಲ, ಅವರು ಬದುಕಿದ ಊರಿನ ಹಿನ್ನೆಲೆ. ಕರ್ನಲ್ ಮೆಕೆಂಜಿ ಊರೂರಿನಿಂದ ಬರೆಸಿ ಸಂಗ್ರಹಿಸಿದ ಕೈಫಿಯತ್ತುಗಳಲ್ಲಿ, ಅಂದರೆ ಸ್ಥಳವೃತ್ತಾಂತಗಳಲ್ಲಿ, ಕನ್ನಡದವನ್ನು ಎಂ.ಎಂ. ಕಲಬುರ್ಗಿಯವರು ಸಂಪಾದಿಸಿದ್ದಾರೆ, ಹಂಪಿಯ ಕನ್ನಡ ವಿಶ್ವವಿದ್ಯಾಲಯ 1994ರಲ್ಲಿ ಪ್ರಕಟಿಸಿತು. ಬಿ.ಎಲ್. ರೈಸ್ ಸಂಗ್ರಹಿಸಿದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ ತಾಲ್ಲೂಕುವಾರು ಶಾಸನಗಳಿವೆ. ಊರಿನ ಕೆರೆ ಏರಿಯ ವೀರಗಲ್ಲಿನ ಹೆಸರನ್ನು ನೇರ ನಮ್ಮ ವಂಶಕ್ಕೆ ಜೋಡಿಸಿಕೊಳ್ಳುವ ಆಸೆ ಸಹಜ, ನಡುವೆ ಐನೂರು ವರ್ಷದ ಖಾಲಿ ಇದೆ ಎಂಬುದನ್ನು ಮರೆಯಬಾರದು. ಬೆಂಗಳೂರಿನಲ್ಲಿ 1909ರಲ್ಲಿ ಶುರುವಾದ ಮಿಥಿಕ್ ಸೊಸೈಟಿ, ಕಬ್ಬನ್ ಪಾರ್ಕಿನ ಕೇಂದ್ರ ಗ್ರಂಥಾಲಯ, ಧಾರವಾಡದ ಕನ್ನಡ ಸಂಶೋಧನ ಸಂಸ್ಥೆ, ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯ ಇವೆಲ್ಲ ಒಂದು ದಿನ ಕುಳಿತು ಓದಲು ತಕ್ಕ ಜಾಗಗಳು. ಮನೆಯಿಂದಲೇ ಓದುವವರಿಗೆ ಇಂಟರ್‌ನೆಟ್ ಆರ್ಕೈವ್ ತಾಣದಲ್ಲಿ ರೈಸ್‌ನ ಗೆಜೆಟಿಯರ್, ಬುಕಾನನ್‌ನ ಪ್ರವಾಸಕಥನ, ದಕ್ಷಿಣದ ಜಾತಿ ಬುಡಕಟ್ಟುಗಳ ಮೇಲಿನ ಥರ್ಸ್ಟನ್‌ನ ಸಂಪುಟಗಳು ಉಚಿತ. ಬೆಂಗಳೂರಿ‌ನ ಸರ್ವೆಂಟ್ಸ್ ಆಫ್ ನಾಲೆಜ್ ಬಳಗದವರು ಸ್ಕ್ಯಾನ್ ಮಾಡಿದ ಹಳೆಯ ಕನ್ನಡ ಪುಸ್ತಕ, ಪತ್ರಿಕೆಗಳೂ ಅಲ್ಲೇ ಇವೆ. ದೆಹಲಿಯ ರಾಷ್ಟ್ರೀಯ ಪತ್ರಾಗಾರದ ಅಭಿಲೇಖ್ ಪಟಲ್ ತಾಣದಲ್ಲಿ ಮೈಸೂರು ರೆಸಿಡೆನ್ಸಿಗೆ ಸಂಬಂಧಿಸಿದ ಪತ್ರಗಳನ್ನೂ ಹುಡುಕಬಹುದು.

ಹಳೆಯ ಪತ್ರದ ತಾರೀಖನ್ನು ಓದುವುದಕ್ಕೂ ಸ್ವಲ್ಪ ತಯಾರಿ ಬೇಕು. ಶಕ ವರ್ಷಕ್ಕೆ 78 ಸೇರಿಸಿದರೆ ಇಸವಿ ಬರುತ್ತದೆ, ಮದರಾಸು ಮತ್ತು ಹೈದರಾಬಾದ್ ಕಡೆಯ ಫಸಲಿಗೆ 590. ಸಂವತ್ಸರದ ಹೆಸರು ಅರುವತ್ತು ವರ್ಷಕ್ಕೊಮ್ಮೆ ಮರಳಿ ಬರುತ್ತದೆ, ಆದ್ದರಿಂದ ಯಾವ ಸುತ್ತಿನದು ಎಂದು ಬೇರೆ ಸಾಕ್ಷಿಯಿಂದ ಖಚಿತಪಡಿಸಿಕೊಳ್ಳಬೇಕು. ಧಾತು, ಈಶ್ವರ ಎಂಬ ಎರಡು ಸಂವತ್ಸರಗಳನ್ನು ಮಾತ್ರ ಹಳೆ ಮೈಸೂರಿನ ಜನ ಮರೆತಿಲ್ಲ. ಆ ಸಂವತ್ಸರಗಳಲ್ಲಿ ಬಿದ್ದ, 1876ರಿಂದ 1878ರವರೆಗಿನ ಮಹಾ ಬರದ ಮುಂಚೆ, 1871ರಲ್ಲಿ, ಮೈಸೂರು ಸಂಸ್ಥಾನದ ಜನಸಂಖ್ಯೆ ಸುಮಾರು 50.5 ಲಕ್ಷ ಇತ್ತು. 1881ರ ಗಣತಿಯಲ್ಲಿ ಅದು 41.9 ಲಕ್ಷಕ್ಕೆ ಇಳಿದಿತ್ತು. ಈ ಭಾಗದ ಅನೇಕ ಮನೆತನಗಳ ನೆನಪು ಮುತ್ತಜ್ಜನ ಅಪ್ಪನ ಹತ್ತಿರ ಬಂದು ಕಡಿದುಹೋಗುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಅಲ್ಲಿಂದ ಹಿಂದಕ್ಕೆ ಹೇಳುವವರು ಬರದಲ್ಲಿ ಸತ್ತಿದ್ದರು, ಇಲ್ಲವೇ ಊರು ಬಿಟ್ಟಿದ್ದರು. ನಿಮ್ಮ ಸಾಲು ಅಲ್ಲಿ ನಿಂತರೆ ಹುಡುಕಾಟ ಸೋತಿತೆಂದು ಭಾವಿಸಬೇಡಿ. ಆ ಖಾಲಿ ಜಾಗದಲ್ಲಿ ‘ಧಾತು ಈಶ್ವರ ಬರ’ ಎಂದು ಬರೆದಿಡಿ, ಅದೂ ಮನೆಯ ಚರಿತ್ರೆಯೇ.

ಒಂದು ಎಚ್ಚರಿಕೆಯ ಮಾತನ್ನು ಹೇಳಲೇಬೇಕು. ನೀವು ದಾಖಲೆ ಕೋಣೆಗೆ ಅರ್ಜಿ ಹಾಕಿದ ಸುದ್ದಿ ಊರಿಗೆ ನಿಮಗಿಂತ ಮೊದಲು ಮುಟ್ಟುತ್ತದೆ, ಪಾಲು ಕೇಳಲು ಬಂದರೆಂದು ದಾಯಾದಿಗಳು ಗಾಬರಿಯಾಗುತ್ತಾರೆ. ಮೊದಲೇ ಹೋಗಿ ವಿಷಯ ತಿಳಿಸಿ, ಸಿಕ್ಕ ಪ್ರತಿಯೊಂದು ಕಾಗದದ ನಕಲನ್ನೂ ಅವರಿಗೆ ಕೊಡುವುದಾಗಿ ಹೇಳಿ. ಅರ್ಜಿಯಲ್ಲಿ ಗ್ರಾಮ, ಹೋಬಳಿ, ಸರ್ವೆ ನಂಬರು, ಯಾವ ವರ್ಷದಿಂದ ಯಾವ ವರ್ಷದವರೆಗೆ, ಯಾವ ವಹಿ ಎಂದು ಬಿಡಿಬಿಡಿಯಾಗಿ ಬರೆಯಿರಿ. ‘ನಮ್ಮ ವಂಶದ ದಾಖಲೆ ಕೊಡಿ’ ಎಂದು ಬರೆದ ಅರ್ಜಿ ‘ಲಭ್ಯವಿಲ್ಲ’ ಎಂಬ ಹಿಂಬರಹದೊಂದಿಗೆ ವಾಪಸು ಬರುತ್ತದೆ. ಇಲ್ಲ ಎಂಬ ಉತ್ತರ ಬಂದರೆ ಮಾಹಿತಿ ಹಕ್ಕಿನಡಿ ಇನ್ನೊಮ್ಮೆ ಕೇಳಿ.

ತಾಲ್ಲೂಕು ಕಚೇರಿಗಳ ಹಳೆಯ ಕಡತಗಳನ್ನು ಈಗ ಭೂ ಸುರಕ್ಷಾ ಯೋಜನೆಯಲ್ಲಿ ಸ್ಕ್ಯಾನ್ ಮಾಡುತ್ತಿದ್ದಾರೆ. ಗೆದ್ದಲಿಗೂ ಕಳ್ಳಗೈಗೂ ಸಿಕ್ಕಿ ಹಾಳಾಗುತ್ತಿದ್ದ ಪುಟಗಳು ಇನ್ನಾದರೂ ಉಳಿಯುತ್ತವೆ ಎಂಬುದು ಸಂತೋಷದ ಸಂಗತಿ. ಸರ್ಕಾರದ ಮುಂದೆ ನನ್ನ ಕೋರಿಕೆ ಒಂದೇ. ಸ್ಕ್ಯಾನ್ ಮಾಡಿದ ಪುಟಗಳಿಗೆ ಸರ್ವೆ ನಂಬರಿನ ಜೊತೆ ಹೆಸರಿನ ಸೂಚಿಯನ್ನೂ ಮಾಡಬೇಕು, ಆ ಸೂಚಿಯಲ್ಲಿ ಖಾತೆದಾರನೊಬ್ಬನೇ ಇದ್ದರೆ ಸಾಲದು. ಗಾರ್ಡಿಯನ್ ಎಂದು ಹೆಬ್ಬೆಟ್ಟು ಒತ್ತಿದ ತಾಯಿ, ಗೇಣಿದಾರ, ಉಂಬಳಿಯ ತೋಟಿ, ಸಾಕ್ಷಿಗೆ ನಿಂತವನು, ಎಲ್ಲರೂ ಇರಬೇಕು. ಎಪ್ಪತ್ತೈದು ವರ್ಷಕ್ಕೂ ಹಳೆಯದಾದ ಪುಟಗಳನ್ನಾದರೂ ಯಾರು ಬೇಕಾದರೂ ಮನೆಯಲ್ಲಿ ಕುಳಿತು ನೋಡುವಂತೆ ತೆರೆದಿಡಬೇಕು. ಈ ಕೋರಿಕೆಯನ್ನು ನಿಮ್ಮ ತಹಶೀಲ್ದಾರರಿಗೆ, ಶಾಸಕರಿಗೆ ನೀವೂ ಬರೆಯಿರಿ. ಸ್ಕ್ಯಾನಿಂಗ್ ನಡೆಯುತ್ತಿರುವ ಈಗಲೇ ಬರೆಯಿರಿ, ಸೂಚಿ ಹೇಗಿರಬೇಕೆಂದು ತೀರ್ಮಾನವಾಗುವ ಹೊತ್ತು ಇದೇ.